ನೀಲಾವತಿಯ ಸ್ವಂತ ವಾಕ್ಯ

ಇಂಗ್ಲಿಷಿನ ನುಡಿಗಟ್ಟು ಕಲಿಸುವುದು ನನಗೆ ಹೊಟ್ಟೆಪಾಡಲ್ಲ, ಚಟ. ಹಗಲೆಲ್ಲ ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತೆ. ಸಂಜೆಯಾದರೆ ಗ್ರಾಂಟ್ ರೋಡಿನ ನಮ್ಮ ಚಾಳಿನ ಕೋಣೆಯಲ್ಲಿ ಸತ್ಯಮೂರ್ತಿ ಮಾಷ್ಟ್ರು. ಮೈಸೂರಿನವನಾದ ನನಗೆ 'ಮೇಷ್ಟ್ರು' ಅಂದರೇನೇ ಕಿವಿಗೆ ಹಿತ. ಆದರೆ ನನ್ನಲ್ಲಿಗೆ ಬರುವವರೆಲ್ಲ ಸುತ್ತಲಿನ ಉಡುಪಿ ಹೋಟೆಲುಗಳ ತುಳುನಾಡಿನವರು, ಅವರ ಬಾಯಲ್ಲಿ ಅದು ಮಾಷ್ಟ್ರು. ಒಂದೆರಡು ವರ್ಷ ತಿದ್ದಿ ನೋಡಿ ಕೈಬಿಟ್ಟೆ.

ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಆಸೆಯಿದ್ದ ಸಪ್ಲೈಯರುಗಳು, ಗುಮಾಸ್ತೆ ಪರೀಕ್ಷೆ ಕಟ್ಟಿದವರು, ಹೀಗೆ ಐದಾರು ಜನ ಚಾಪೆಯ ಮೇಲೆ ಕೂರುತ್ತಿದ್ದರು. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪುತ್ತಿರಲಿಲ್ಲ: ಈ ನುಡಿಗಟ್ಟುಗಳ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ. ಗೈಡು ನೋಡಿ ಬಾಯಿಪಾಠ ಮಾಡಿದವನ ವಾಕ್ಯ ಹಳಸಿದ ಅನ್ನವಿದ್ದಂತೆ, ಮೂಗಿನ ಹತ್ತಿರ ತಂದರೆ ಸಾಕು ಗೊತ್ತಾಗುತ್ತದೆ. ಅದಕ್ಕೇ ನನ್ನದೊಂದು ಕಟ್ಟಪ್ಪಣೆ ಇತ್ತು. ವಾಕ್ಯ ನಿಮ್ಮ ಮನೆಯಿಂದ ಬರಬೇಕು. ನಿಮಗೆ ಆದದ್ದು, ನಿಮ್ಮವರಿಗೆ ಆದದ್ದು ಬರೆಯಿರಿ, ಆಗ ಮರೆಯುವುದಿಲ್ಲ. 'ಟು ಬಿ ಇನ್ ಹಾಟ್ ವಾಟರ್' ಎಂದರೆ ಫಜೀತಿಗೆ ಸಿಕ್ಕಿಕೊಳ್ಳುವುದು ಅಂತ ಹೇಳಿಕೊಟ್ಟಾಗ, ಸದಾನಂದನೆಂಬ ಸಪ್ಲೈಯರು ಒಬ್ಬ ಸೇಠಜಿಯ ಬಿಳಿ ಧೋತರದ ಮೇಲೆ ಸಾಂಬಾರು ಚೆಲ್ಲಿ ತಾನು ಪಟ್ಟ ಪಾಡನ್ನು ಬರೆದ. ವ್ಯಾಕರಣ ದೇವರಿಗೇ ಪ್ರೀತಿ. ಆದರೆ ಆ ನುಡಿಗಟ್ಟನ್ನು ಅವನು ಈ ಜನ್ಮದಲ್ಲಿ ಮರೆಯಲಾರ.

ನೀಲಾವತಿ ಬಂದದ್ದು ಐವತ್ತನಾಲ್ಕನೇ ಇಸವಿಯ ಮಳೆಗಾಲದಲ್ಲಿ. ಪಾಠ ಮುಗಿದು ಎಲ್ಲರೂ ಎದ್ದ ಮೇಲೆ ಬಾಗಿಲಲ್ಲಿ ನಿಂತಿದ್ದಳು, ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ಎದುರಿನ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ಕಾಂತಪ್ಪನ ಹೆಂಡತಿ ಅಂತ ಗೊತ್ತಿತ್ತು. ಕಾಂತಪ್ಪ ಕೆಲವು ದಿನಗಳಿಂದ ಕಲ್ಲಿನ ಮುಂದೆ ಕಾಣುತ್ತಿರಲಿಲ್ಲ. ಊರಿಗೆ ಹೋಗಿದ್ದಾನೆ ಎಂದು ಹೋಟೆಲಿನವರು ಹೇಳಿದ್ದರು.

"ಮಾಷ್ಟ್ರೇ, ಒಂದು ಕೇಳ್ಲಿಕ್ಕುಂಟು. 'ನಾಟ್ ಔಟ್ ಆಫ್ ದ ವುಡ್' ಅಂದ್ರೆ ಎಂತ?"

"ಯಾರು ಯಾರಿಗೆ ಹೇಳಿದ್ದು?"

"ಡಾಕ್ಟರು. ನಮ್ಮವರ ಹಾಸಿಗೆ ಹತ್ತಿರ ನಿಂತು, ಸಣ್ಣ ಡಾಕ್ಟರರಿಗೆ ಹೇಳಿದ್ದು." ಸ್ವಲ್ಪ ತಡೆದು, "ನಮ್ಮವರು ಶಿವಡಿಯಲ್ಲಿದ್ದಾರೆ," ಅಂದಳು.

ಆಗಿನ ಬೊಂಬಾಯಿಯಲ್ಲಿ ಅಷ್ಟು ಹೇಳಿದರೆ ಸಾಕಿತ್ತು. ಶಿವಡಿ ಅಂದರೆ ಕ್ಷಯದ ಆಸ್ಪತ್ರೆ. ಆ ಹೆಸರು ಕೇಳಿದರೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ನನ್ನ ಹೆಂಡತಿ ಅಮ್ಮಣ್ಣಿ ಒಳಗಿನಿಂದ ಬಂದವಳು ಒಂದು ಕ್ಷಣ ನಿಂತಳು, ಆಮೇಲೆ, "ಒಳಗ್ ಬಾಮ್ಮ, ಯಾಕ್ ಅಲ್ಲೇ ನಿಂತಿದೀಯ," ಎಂದು ಟವೆಲು ಕೊಟ್ಟಳು. ಅಮ್ಮಣ್ಣಿಯನ್ನು ನಾನು ದಿನಕ್ಕೆ ಹತ್ತು ಸಲ ಗದರುತ್ತೇನೆ. ಆದರೆ ಇಂಥ ಹೊತ್ತಿನಲ್ಲಿ ಅವಳ ಮುಂದೆ ನಾನು ಯಾವ ಲೆಕ್ಕ.

ಅಪಾಯ ಇನ್ನೂ ಪೂರ್ತಿ ಕಳೆದಿಲ್ಲ ಅಂತ ಅರ್ಥ, ಎಂದು ಹೇಳಿದೆ. ನೀಲಾವತಿ ತಲೆ ಆಡಿಸಿದಳು. ಉಡುಪಿಯ ಮಿಷನ್ ಶಾಲೆಯಲ್ಲಿ ಎಂಟನೆಯವರೆಗೆ ಓದಿದವಳು ಅವಳು. "ಒಂದೊಂದೇ ಶಬ್ದ ಆದ್ರೆ ಗೊತ್ತಾಗ್ತದೆ ಮಾಷ್ಟ್ರೇ. ಒಟ್ಟಿಗೆ ಬಂದ್ರೆ ಗೊತ್ತಾಗುದಿಲ್ಲ. ವುಡ್ ಅಂದ್ರೆ ಕಾಡು ಅಂತ ಗೊತ್ತುಂಟು. ಆದ್ರೆ ಅವರು ಯಾವ ಕಾಡಿಗೂ ಹೋದವರಲ್ಲ."

ಅಲ್ಲಿನ ದೊಡ್ಡ ಡಾಕ್ಟರು ವಯಸ್ಸಾದ ಒಬ್ಬ ಪಾರ್ಸಿ, ತುಂಬ ಒಳ್ಳೆಯವರಂತೆ. ರೋಗಿಗಳೊಡನೆ ತಮ್ಮ ಗುಜರಾತಿ ಹಿಂದಿಯಲ್ಲಿ ಮಾತಾಡುತ್ತಿದ್ದರು. "ಅಚ್ಛಾ ಹೈ, ಅಚ್ಛಾ ಹೈ, ಖಾವೋ ಪೀಯೋ." ಇವತ್ತು ನಾಳೆ ಅನ್ನುವವನಿಗೂ ಅದೇ ಅಚ್ಛಾ ಹೈ, ನಾಡಿದ್ದು ಮನೆಗೆ ಹೋಗುವವನಿಗೂ ಅದೇ ಅಚ್ಛಾ ಹೈ. ನಿಜವನ್ನು ಮಾತ್ರ ಚಿಕ್ಕ ಡಾಕ್ಟರುಗಳಿಗೆ ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು, ಅದೂ ನುಡಿಗಟ್ಟುಗಳಲ್ಲಿ. ಗಂಡ ಉಳಿಯುತ್ತಾನೋ ಇಲ್ಲವೋ ಎಂಬುದು ತನ್ನ ಕಿವಿಯ ಮುಂದೆಯೇ ದಾಟಿಹೋಗುತ್ತಿದೆ, ತನ್ನ ಕೈಗೆ ಮಾತ್ರ ಸಿಗುತ್ತಿಲ್ಲ ಎಂದು ನೀಲಾವತಿಗೆ ಹೊಳೆದಿತ್ತು. ಹಾಗಾಗಿ ಮಾರನೆಯ ದಿನದಿಂದ ಚಾಪೆಯ ತುದಿಯಲ್ಲಿ ಅವಳೂ ಕೂತಳು.

ಅವಳಿಂದ ನನಗೆ ತಲೆನೋವು ಶುರುವಾದದ್ದು ಮೊದಲ ವಾರವೇ. ಗೈಡಿನ ಸಾಲಿನಲ್ಲಿ 'ಎಟ್ ಡೆತ್ಸ್ ಡೋರ್' ಬಂತು. ಹಿಂದೆ ಮುಂದೆ ನೋಡದೆ, ಸಾವಿನ ದವಡೆಯಲ್ಲಿರುವುದು, ಎಂದು ಅರ್ಥ ಹೇಳಿಬಿಟ್ಟೆ. ಎಲ್ಲರೂ ತಂತಮ್ಮ ಅಜ್ಜ ಅಜ್ಜಿಯರನ್ನು ಆ ಬಾಗಿಲಲ್ಲಿ ನಿಲ್ಲಿಸಿ ವಾಕ್ಯ ಬರೆದರು. ನೀಲಾವತಿ ಬರೆದದ್ದು: ಮಿಸ್ಟರ್ ಬ್ರೌನ್ ಈಸ್ ಎಟ್ ಡೆತ್ಸ್ ಡೋರ್.

"ಯಾರು ಈ ಬ್ರೌನು?"

"ನನಗೆ ಗೊತ್ತಿಲ್ಲ ಮಾಷ್ಟ್ರೇ. ಬಿಲಾತಿಯವ."

"ವಾಕ್ಯ ಮನೆಯಿಂದ ಬರಬೇಕು ಅಂತ ಹೇಳಿರಲಿಲ್ಲವೇ?"

"ದೀಪ ಹಚ್ಚುವ ಹೊತ್ತು ಮಾಷ್ಟ್ರೇ. ಅಸ್ತು ದೇವತೆಗಳು ತಿರುಗಾಡ್ತಾ ಇರ್ತಾರೆ. ಕೆಟ್ಟದ್ದು ನುಡಿದ್ರೆ ಅಸ್ತು ಅಂತಾರೆ."

"ಅವರಿಗೆ ಇಂಗ್ಲಿಷ್ ಬೇರೆ ಬರುತ್ತದೆಯೇನು?"

"ಬೊಂಬಾಯಿಯಲ್ಲಿ ಇದ್ದುಕೊಂಡು ಕಲಿಯದೆ ಇರ್ತಾರಾ? ಸದಾನಂದನೇ ಕಲಿತಿದ್ದಾನೆ."

ಚಾಪೆಯವರೆಲ್ಲ ಗೊಳ್ಳೆಂದರು. ನಾನು ಗಂಟುಮೋರೆ ಹಾಕಿಕೊಂಡೆ. ಆವತ್ತಿನಿಂದ ಪಾಪ ಆ ಬ್ರೌನನಿಗೆ ಶನಿ ಹೆಗಲೇರಿತು. ಕೈ ಸುಟ್ಟುಕೊಂಡವನು ಬ್ರೌನು, ಎಲ್ಲ ಕಳೆದುಕೊಂಡು ನಾಯಿಪಾಡಾದವನು ಬ್ರೌನು, 'ಆನ್ ಹಿಸ್ ಲಾಸ್ಟ್ ಲೆಗ್ಸ್' ಅಂದರೆ ಇನ್ನೇನು ಕುಸಿಯುತ್ತಾನೆ ಅನ್ನುವ ಸ್ಥಿತಿಗೆ ಬಂದವನೂ ಬ್ರೌನೇ. ಆಯಿತು, ಕೆಟ್ಟದ್ದಕ್ಕೆ ಬೇಡ, ಒಳ್ಳೆಯ ನುಡಿಗಟ್ಟುಗಳನ್ನಾದರೂ ಮನೆಗೆ ತರಲಿ ಎಂದು ಕಾದೆ. 'ಎ ಫೆದರ್ ಇನ್ ಒನ್ಸ್ ಕ್ಯಾಪ್', ಕಿರೀಟಕ್ಕೊಂದು ಗರಿ, ಕೊಟ್ಟೆ. ಆ ಗರಿ ಬ್ರೌನನ ಹೆಂಡತಿಯ ಟೋಪಿಗೆ ಹೋಯಿತು. 'ದ ಆಪಲ್ ಆಫ್ ಒನ್ಸ್ ಐ' ಕೊಟ್ಟೆ. ಬ್ರೌನನ ಮಗು ಅವನ ಕಣ್ಮಣಿಯಾಯಿತು.

"ಇದಕ್ಕೇನು ಅಡ್ಡಿ?" ಎಂದು ರೇಗಿದೆ.

"ಒಳ್ಳೆದನ್ನು ಬಾಯಿಬಿಟ್ಟು ಹೇಳಿದ್ರೆ ದೃಷ್ಟಿ ತಾಗ್ತದೆ ಮಾಷ್ಟ್ರೇ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ಕೆಟ್ಟದ್ದನ್ನು ಹೇಳಿದರೆ ದೇವತೆಗಳು, ಒಳ್ಳೆಯದನ್ನು ಹೇಳಿದರೆ ದೃಷ್ಟಿ. ಹೀಗಾದರೆ ಮನುಷ್ಯರು ಮಾತಾಡುವುದು ಏನನ್ನು? ಅವಳು ಮಾತಾಡುತ್ತಿದ್ದದ್ದು ಒಂದೇ ಮಾತು. ಅಮ್ಮಣ್ಣಿ ಹಬ್ಬಕ್ಕೆ ಹೋಳಿಗೆ ಕೊಟ್ಟು, "ಹೇಗಿದೆ?" ಅಂದರೆ, "ಅಡ್ಡಿಲ್ಲ." ಜಡಿಮಳೆಯಲ್ಲಿ ನೆನೆದು ಬಂದವಳನ್ನು ಕೇಳಿದರೂ, "ಅಡ್ಡಿಲ್ಲ." ಯಜಮಾನರು ಹೇಗಿದ್ದಾರೆ? "ಅಡ್ಡಿಲ್ಲ." ನಮ್ಮ ಮೈಸೂರಿನ ಕಡೆ ಹೋಳಿಗೆ ತಿಂದವರು ಹೋಳಿಗೆಗಿಂತ ದೊಡ್ಡದಾಗಿ ಹೊಗಳುತ್ತಾರೆ. ಅಮ್ಮಣ್ಣಿಗೆ ಮೊದಮೊದಲು ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಸದಾನಂದನೇ ಸಮಾಧಾನ ಹೇಳಿದ: "ಅಮ್ಮಾ, ನಮ್ಮ ಕಡೆಯವರು ದೇವಲೋಕಕ್ಕೆ ಹೋದ್ರೂ ಅಡ್ಡಿಲ್ಲ ಅಂತಲೇ ಹೇಳುದು."

ಇದರ ನಡುವೆ ಡಾಕ್ಟರರ ಮಾತುಗಳು ಬರುತ್ತಲೇ ಇದ್ದವು. ಹೋಟೆಲಿನವರಿಗೆ ತರಕಾರಿ ಹೆಚ್ಚಿಕೊಟ್ಟು, ಟ್ರಾಮಿನಲ್ಲಿ ಪರೇಲಿಗೆ ಹೋಗಿ, ಅಲ್ಲಿಂದ ನಡೆದು ಆಸ್ಪತ್ರೆ ಸೇರಿ, ಹಾಸಿಗೆಯ ಕಾಲುದೆಸೆಯಲ್ಲಿ ನಿಂತು ಕೇಳಿಸಿಕೊಂಡದ್ದನ್ನು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದು ನನ್ನ ಮುಂದೆ ಇಳಿಸುತ್ತಿದ್ದಳು. ಒಂದು ಸಂಜೆ 'ಟಚ್ ಅಂಡ್ ಗೋ' ತಂದಳು. ಪಾಠ ಹೇಳುವವನಿಗೆ ಅರ್ಥ ಗೊತ್ತಿರುವುದೂ ಒಂದು ಶಿಕ್ಷೆ ಅಂತ ಅನ್ನಿಸಿದ್ದು ಆವತ್ತೇ. ಸುಳ್ಳು ಹೇಳಲೇ ಎಂದುಕೊಂಡೆ. ಅವಳು ಅಷ್ಟು ದೂರದಿಂದ ಹೊತ್ತು ತಂದದ್ದಕ್ಕೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಕೂದಲೆಳೆಯಲ್ಲಿ ನಿಂತಿದೆ ಅಂತ ಅರ್ಥ. ಯಾವ ಕಡೆಗೂ ವಾಲಬಹುದು."

"ಈ ಕಡೆಗೂ ವಾಲಬಹುದಲ್ವಾ?"

"ವಾಲಬಹುದು."

"ಹಾಗಾದ್ರೆ ಅಡ್ಡಿಲ್ಲ," ಎಂದು ಸ್ಲೇಟು ಹಿಡಿದು ಕೂತಳು. ಅಕ್ಷರಗಳು ಮಾತ್ರ ಆ ಸಂಜೆ ಒಂದರ ಮೇಲೊಂದು ಬಿದ್ದಿದ್ದವು. ನಾನು ತಿದ್ದಲಿಲ್ಲ.

ಮಳೆ ಹಿಂದೆಗೆಯುವ ಹೊತ್ತಿಗೆ 'ಹೋಲ್ಡಿಂಗ್ ಹಿಸ್ ಓನ್' ಬಂತು. ಸೋಲದೆ ಪಟ್ಟು ಹಿಡಿದು ನಿಂತಿದ್ದಾನೆ ಎಂದೆ. "ಹೌದು, ಅವರು ಮೊದಲಿಂದಲೂ ಹಟಮಾರಿ," ಅಂದಳು. ಆ ದಿನ ಅಮ್ಮಣ್ಣಿ ಕೊಟ್ಟ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡಳು. ಹೊಸ ಸೂಜಿಮದ್ದು ಹಿಡಿಯುತ್ತಿದೆ ಎಂದು ನಮಗೆ ಗೊತ್ತಾದದ್ದು ಆ ಉಪ್ಪಿಟ್ಟಿನಿಂದ.

ದೀಪಾವಳಿ ಕಳೆದು ಒಂದು ಗುರುವಾರ ಬಂದವಳು ಚಾಪೆಯ ಮೇಲೆ ಕೂರಲಿಲ್ಲ.

"ಮಾಷ್ಟ್ರೇ, 'ಟರ್ನ್ಡ್ ದ ಕಾರ್ನರ್' ಅಂತ ನೀವು ಹೇಳಿಕೊಟ್ಟಿದ್ದೀರಲ್ಲ. ರೋಗದವರ ವಿಷಯದಲ್ಲಿ ಹೇಳಿದ್ರೂ ಅದೇ ಅರ್ಥವಾ?"

ಕಷ್ಟದ ತಿರುವು ದಾಟಿ ಚೇತರಿಕೆಯ ದಾರಿ ಹಿಡಿಯುವುದು. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬರಲಿ ಎಂದು ನಿಂತಿದ್ದಳು. "ರೋಗದವರ ವಿಷಯದಲ್ಲೇ ಹೆಚ್ಚಾಗಿ ಹೇಳುವುದು. ಅದೇ ಅರ್ಥ ನೀಲಾವತಿ, ಬೇರೆ ಅರ್ಥವೇ ಇಲ್ಲ," ಎಂದೆ. ನನ್ನ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಅವಳು ನಗಲಿಲ್ಲ, ಅಳಲಿಲ್ಲ. "ಹಾಗಾದ್ರೆ ಭಾನುವಾರ ಸ್ವಲ್ಪ ಅಡಿಗೆ ಮಾಡ್ಬೇಕು," ಎಂದು ಹೋದಳು.

ಭಾನುವಾರ ಬೆಳಿಗ್ಗೆ ಚಾಳಿನ ತುಂಬ ಕೋಳಿಸಾರಿನ ವಾಸನೆ. ಅಮ್ಮಣ್ಣಿ ಸೆರಗು ಮೂಗಿಗೆ ಹಿಡಿದುಕೊಂಡೇ ಚಾಳಿನ ಹಿಂಬದಿಯಲ್ಲಿದ್ದ ನೀಲಾವತಿಯ ಕೋಣೆಗೆ ಹೋಗಿ ತೆಂಗಿನಕಾಯಿ ತುರಿದುಕೊಟ್ಟು ಬಂದಳಂತೆ, ಆಮೇಲೆ ಸ್ನಾನ ಮಾಡಿದಳು. ಊರಿನಿಂದ ಬಂದವರು ಕೊಟ್ಟ ಗರಿಗರಿ ಒಣ ರೊಟ್ಟಿ ಡಬ್ಬಿಯಲ್ಲಿತ್ತು. ಅದರ ಮೇಲೆ ಕೋಳಿಸಾರು ಸುರಿದು ತಿನ್ನುವ ಕೋರಿ ರೊಟ್ಟಿ ಅಂದರೆ ಕಾಂತಪ್ಪನಿಗೆ ಪ್ರಾಣ. ಮಧ್ಯಾಹ್ನ ಅವಳ ಜೊತೆ ನಾವಿಬ್ಬರೂ ಹೊರಟೆವು. ಅಷ್ಟು ತಿಂಗಳು ನುಡಿಗಟ್ಟುಗಳಲ್ಲೇ ಕಂಡಿದ್ದ ಮನುಷ್ಯನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನನಗೆ ಆಸೆಯಾಗಿತ್ತು.

ಉದ್ದನೆಯ ವಾರ್ಡು, ಎರಡೂ ಕಡೆ ಕಬ್ಬಿಣದ ಮಂಚಗಳು, ಪ್ರತಿ ಮಂಚದ ಹತ್ತಿರ ಇಬ್ಬರು ಮೂವರು ಮನೆಯವರು. ಕಾಂತಪ್ಪ ದಿಂಬಿಗೆ ಒರಗಿ ಕೂತಿದ್ದ. ದೋಸೆಕಲ್ಲಿನ ಮುಂದೆ ನಿಂತು ಎರಡು ಕೈಯಲ್ಲೂ ದೋಸೆ ಎತ್ತಿ ಹಾಕುತ್ತಿದ್ದ ಆಳು ಅರ್ಧಕ್ಕರ್ಧ ಇಳಿದಿದ್ದ. ನಮ್ಮನ್ನು ಕಂಡು ಕೈಮುಗಿದ. ಆದರೆ ಅವನ ಕಣ್ಣು ನನ್ನಿಂದ ಅಮ್ಮಣ್ಣಿಗೆ, ಅಲ್ಲಿಂದ ನೀಲಾವತಿ ಬಿಚ್ಚುತ್ತಿದ್ದ ಟಿಫಿನ್ ಕ್ಯಾರಿಯರಿಗೆ ಓಡಾಡುತ್ತಿತ್ತು. ಮುಚ್ಚಳ ತೆಗೆದಾಗ ಮಸಾಲೆಯ ಘಮ ಮೇಲೆದ್ದಿತು.

"ಡಾಕ್ಟರು ಎಂತ ಹೇಳಿದ್ರು?" ಎಂದು ಕೇಳಿದ.

"ಅಡ್ಡಿಲ್ಲ," ಅಂದಳು ನೀಲಾವತಿ, ತಲೆಯೆತ್ತದೆ.

ಕಾಂತಪ್ಪ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

"ನನಗೆ ಬೇಡ. ವಾಪಸ್ಸು ತಗೊಂಡು ಹೋಗು."

ನೀಲಾವತಿ ರೊಟ್ಟಿ ಮುರಿಯುತ್ತಿದ್ದವಳು ಹಾಗೇ ನಿಂತಳು. ಕಾಂತಪ್ಪ ಗೋಡೆಗೇ ಹೇಳುವವನಂತೆ ನನಗೆ ಹೇಳಿದ: "ಮಾಷ್ಟ್ರೇ, ನೀವಿಬ್ರು ಬಂದದ್ದು ಉಪಕಾರ ಆಯ್ತು. ಇವಳಿಗೆ ಇಲ್ಲಿ ಯಾರೂ ಇಲ್ಲ. ಊರಿಗೆ ಕಳಿಸುವ ಏರ್ಪಾಡು ಮಾಡಿ. ನಾಳೆಯಿಂದ ಸೂಜಿಯೂ ಬೇಡ ಅಂತ ಸಿಸ್ಟರಿಗೆ ಹೇಳ್ತೇನೆ. ಸುಮ್ಮನೆ ಯಾಕೆ ಚುಚ್ಚಿಸಿಕೊಳ್ಳುದು."

"ಏನಪ್ಪಾ ಇದು, ಏನಾಯ್ತು ನಿನಗೆ?" ಎಂದೆ.

"ನನಗೆ ಗೊತ್ತಾಗುದಿಲ್ವಾ? ಆಚೆ ಮಂಚದಲ್ಲಿ ದೂಜ ಅಂತ ಇದ್ದ, ನಮ್ಮ ಊರ ಕಡೆಯವನೇ. ಅವನ ಮನೆಯವರು ಒಂದು ದಿನ ಬಂಗುಡೆ ಸಾರು ಮಾಡಿ ತಂದ್ರು. ಅವನು ಆಸೆಪಟ್ಟಿದ್ದ. ನೆರೆಕರೆಯವರನ್ನೆಲ್ಲ ಕರ್ಕೊಂಡು ಬಂದಿದ್ರು. ಡಾಕ್ಟರು ಎಂತ ಹೇಳಿದ್ರು ಅಂತ ಕೇಳಿದ, ಅಡ್ಡಿಲ್ಲ ಅಂದ್ರು. ಆ ವಾರವೇ ಮಂಚ ಖಾಲಿ ಆಯ್ತು." ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. "ಆ ಊಟ ನನಗೆ ಬೇಡ ನೀಲಾ."

ನನಗೆ ಆಗ ಅರ್ಥವಾಯಿತು. ಇವಳು ಸಂತೋಷವನ್ನು ಬಾಯಲ್ಲಿ ಹೇಳಲಾರದೆ ಮಸಾಲೆ ಅರೆದು ಹೇಳಿದ್ದಳು. ಅವನು ಅದನ್ನು ಕೊನೆಯ ಆಸೆ ತೀರಿಸುವ ಊಟ ಅಂದುಕೊಂಡಿದ್ದ. ಜೊತೆಗೆ ನಾವಿಬ್ಬರು ಬೇರೆ, ಕೊನೆಯ ಸಲ ನೋಡಲು ಬಂದವರ ಹಾಗೆ, ಮಂಚದ ಬದಿಯಲ್ಲಿ ನೆಟ್ಟಗೆ ನಿಂತಿದ್ದೆವು.

"ಅಯ್ಯೋ, ಹಾಗಲ್ಲವಯ್ಯ," ಎಂದು ನಾನು ಮುಂದೆ ಬಂದೆ. "ಡಾಕ್ಟರು ನಿಜವಾಗಿ ಹೇಳಿದ್ದೇನೆಂದರೆ..."

"ನೀವು ಹೇಳ್ಬೇಡಿ ಮಾಷ್ಟ್ರೇ," ಕಾಂತಪ್ಪ ಕೈಯೆತ್ತಿ ತಡೆದ. "ನೀವು ಮೈಸೂರಿನವರು, ಚಂದ ಮಾತಾಡ್ತೀರಿ. ಸಾಯುವವನಿಗೂ ಸಮಾಧಾನ ಆಗುವ ಹಾಗೆ ಮಾತಾಡ್ತೀರಿ. ಡಾಕ್ಟರರೂ ಹಾಗೇ. ದೂಜನಿಗೂ ಅಚ್ಛಾ ಹೈ ಅಂದಿದ್ರು." ಮತ್ತೆ ಗೋಡೆಗೆ ತಿರುಗಿದ. "ಒಳ್ಳೆದಾಗಿದ್ರೆ ಇವಳು ಹೇಳ್ಲಿ."

ನಾನು ಹಿಂದೆ ಸರಿದೆ. ಅಷ್ಟು ದಿನ ಅವಳಿಗೆ ಅರ್ಥ ಹೇಳಿಕೊಟ್ಟ ನನ್ನ ಮಾತಿಗೆ ಅಲ್ಲಿ ಚಿಕ್ಕಾಸಿನ ಬೆಲೆಯಿರಲಿಲ್ಲ. ಅದು ಸರಿಯೂ ಆಗಿತ್ತು.

ನೀಲಾವತಿ ಹಾಸಿಗೆಯ ಕಾಲುದೆಸೆಯಲ್ಲಿ ನಿಂತಿದ್ದಳು. ಕೈಯಲ್ಲಿ ಮುರಿದ ರೊಟ್ಟಿ. ವಾರ್ಡಿನ ತುಂಬ ಜನ. ಒಂದೊಂದು ಮಂಚದಲ್ಲೂ ಒಬ್ಬೊಬ್ಬ ರೋಗಿ, ಒಬ್ಬೊಬ್ಬರ ಹತ್ತಿರವೂ ಒಬ್ಬ ಹೆಂಡತಿ, ಒಬ್ಬ ತಾಯಿ, ಎಲ್ಲರ ಹೊಟ್ಟೆಯಲ್ಲೂ ಅದೇ ಸಂಕಟ. ಇಷ್ಟು ಕಣ್ಣುಗಳ ನಡುವೆ ಒಂದು ಒಳ್ಳೆಯ ಮಾತನ್ನು ಬಿಚ್ಚಿಡುವುದೆಂದರೆ ಅವಳ ಮಟ್ಟಿಗೆ ಕೂಸನ್ನು ನಡುಬೀದಿಯಲ್ಲಿ ಇಟ್ಟುಬಂದ ಹಾಗೆ. ಅವಳ ತುಟಿ ಎರಡು ಸಲ ಅಲುಗಿ ನಿಂತಿತು. ಅಮ್ಮಣ್ಣಿ ಅವಳ ಬೆನ್ನ ಮೇಲೆ ಕೈಯಿಟ್ಟು, "ಹೇಳಮ್ಮ," ಅಂದಳು, "ಅವನು ನಿನ್ನ ಬಾಯಿಂದಲೇ ಕೇಳ್ಬೇಕಂತೆ."

ನೀಲಾವತಿ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಮಂಚವನ್ನು ಸುತ್ತಿ ಗೋಡೆಯ ಬದಿಗೆ ಹೋಗಿ ಗಂಡನ ಮುಖದ ಮುಂದೆ ನಿಂತಳು. ತುಳುವಿನಲ್ಲಿ ಹೇಳಿದಳು. ಅಷ್ಟು ತುಳುವನ್ನು ಆ ಚಾಳು ನನಗೂ ಕಲಿಸಿತ್ತು.

"ನೀವು ಬದುಕ್ತೀರಿ."

ಕಾಂತಪ್ಪ ಅವಳನ್ನೇ ನೋಡಿದ.

"ಡಾಕ್ಟರು ನಿಮಗೆ ಹೇಳಿದ್ದಲ್ಲ, ಸಣ್ಣ ಡಾಕ್ಟರರಿಗೆ ಹೇಳಿದ್ದು. ಇಂಗ್ಲಿಷಿನಲ್ಲಿ ಹೇಳಿದ್ದು. ನಾನು ಇಲ್ಲೇ ನಿಂತು ಕೇಳಿದ್ದೇನೆ. ನನಗೆ ಅರ್ಥ ಆಗಿದೆ. ನಿಮಗೆ ಗುಣ ಆಗ್ತಾ ಉಂಟು. ನೀವು ಮನೆಗೆ ಬರ್ತೀರಿ. ನಾವು ಒಟ್ಟಿಗೆ ಇರ್ತೇವೆ." ಇಷ್ಟು ಹೊತ್ತಿಗೆ ಅವಳು ಅಳುತ್ತಿದ್ದಳು. "ದೃಷ್ಟಿ ತಾಗುದಿದ್ರೆ ನನಗೆ ತಾಗ್ಲಿ."

ನನಗೂ ಅಳು ಬಂತು. ಬಂತು ಅಂತ ಹೇಳಲು ನಾಚಿಕೆಯೇನಿಲ್ಲ. ಅಮ್ಮಣ್ಣಿಯಂತೂ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಕಾಂತಪ್ಪ ನಿಧಾನವಾಗಿ ಎದ್ದು ಕೂತ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಇಂಥ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ದೋಸೆ ಚೆನ್ನಾಗಿ ಎದ್ದಿದೆ ಅಂತ ಕೂಡ ಅವಳು ಹೇಳಿದವಳಲ್ಲ. ಅವಳು ಅಷ್ಟು ಜನರ ಮುಂದೆ ಬಾಯಿಬಿಟ್ಟಳೆಂದರೆ ಅದು ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ಅವನಿಗೆ ಗೊತ್ತಿತ್ತು. ತಟ್ಟೆಯನ್ನು ತಾನೇ ಎಳೆದು ತೊಡೆಯ ಮೇಲಿಟ್ಟುಕೊಂಡ. ರೊಟ್ಟಿಯ ಮೇಲೆ ಸಾರು ಸುರಿದ. ಒಂದು ತುತ್ತು ಎತ್ತಿದವನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡ.

"ನೀಲಾ, ಇನ್ನೊಂದು ಸಲ ಹೇಳು."

"ಎಂತದು, ಒಂದು ಸಲ ಹೇಳಿದ್ದು ಸಾಲದಾ? ರೊಟ್ಟಿ ಮೆತ್ತಗಾಗ್ತದೆ, ತಿನ್ನಿ."

"ಹೇಳು ಮಾರಾಯ್ತಿ."

ನೀಲಾವತಿ ಒಮ್ಮೆ ಸುತ್ತ ನೋಡಿದಳು. ಪಕ್ಕದ ಮಂಚದ ಮರಾಠಿ ಹೆಂಗಸು, ಅದರಾಚೆಯ ಮಂಚದ ಮುದುಕಿ, ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಅವಳು ಕಣ್ಣೊರೆಸಿಕೊಂಡು, ಮೊದಲಿಗಿಂತ ದೊಡ್ಡ ದನಿಯಲ್ಲಿ, ಇನ್ನೊಂದು ಸಲ ಹೇಳಿದಳು.